ಚರ್ಮ ಎಲ್ಲಿಂದ ತರೋದು?

ಅಪ್ಪ ತೀರಿಕೊಂಡದ್ದು ಬೆಂಗಳೂರಿನ ನಮ್ಮ ಮನೆಯಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ಡಾಕ್ಟರು ಬಂದು ನಾಡಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, ಕಾಗದ ಬರೆದುಕೊಟ್ಟು ಹೋದರು. ತಮ್ಮ ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಹಚ್ಚತೊಡಗಿದ. ಬ್ಯಾಡಗಿಯಿಂದ ಮಂದಿ ಬಂದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗುತ್ತದೆ, ಅಲ್ಲಿಯವರೆಗೆ ಕಾಯಬೇಕು ಎಂದು ಅವ್ವನಿಗೆ ಹೇಳುತ್ತಿದ್ದ. ನನ್ನ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. ನಾಲ್ಕೂವರೆಗೆ ಆರು ತಾಸು ಕೂಡಿಸಿದರೆ ಹತ್ತೂವರೆ. ಅಷ್ಟರೊಳಗೆ ಸ್ಕಿನ್ ಬ್ಯಾಂಕಿನವರು, ಅಂದರೆ ತೀರಿಕೊಂಡವರ ಚರ್ಮ ಪಡೆದು ಸುಟ್ಟವರಿಗಾಗಿ ಕಾದಿಡುವವರು, ಬಂದು ಕೆಲಸ ಮುಗಿಸಬೇಕು.

ಬಂದರು. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಸಹಾಯಕ. ಕೋಣೆಯ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆಯಲ್ಲಿ ಹೊರಬಂದರು. ತೊಡೆ, ಕಾಲು, ಬೆನ್ನಿನ ಮೇಲಿಂದ ತೆಳ್ಳಗಿನ ಪದರವೊಂದನ್ನು ತೆಗೆದಿದ್ದರು. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪವೂ ಇರದ ಪದರ ಅದು. ರಕ್ತದ ಓಟ ನಿಂತ ಮೈ, ಸೋರಲಿಲ್ಲ. ಬ್ಯಾಂಡೇಜು ಸುತ್ತಿ ಧೋತರ ಉಡಿಸಿದ ಮೇಲೆ ಅಪ್ಪ ಮೊದಲಿನ ಅಪ್ಪನೇ ಆಗಿ ಮಲಗಿದ್ದ. ಮಧ್ಯಾಹ್ನ ಬಂದ ನೆಂಟರಲ್ಲಿ ಒಬ್ಬರು ವಿಷಯ ಕೇಳಿ, 'ಹೆತ್ತಪ್ಪನ ಮೈ ಸುಲಿಸಿದೆ ಏನವ್ವ?' ಅಂದರು. ಅವರಿಗೆ ಅವತ್ತು ಉತ್ತರ ಕೊಡುವ ಶಕ್ತಿ ನನಗಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಅಪ್ಪ ತನ್ನ ಚರ್ಮ ಕೊಡಲು ಮುಂದಾಗಿದ್ದು ಅದು ಎರಡನೇ ಸಲ. ಮೊದಲನೆಯದು 1991ರಲ್ಲಿ.

ಆ ವರ್ಷ ನಮ್ಮ ಸಣ್ಣತ್ತಿಗೆ, ಅಂದರೆ ಅಪ್ಪನ ಕೊನೆಯ ತಂಗಿಗೆ, ಇಪ್ಪತ್ನಾಲ್ಕು ವರ್ಷ. ಚಹಾಕ್ಕಿಡಲು ಪಂಪ್ ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾಗ ಬೆಂಕಿ ಮೇಲೆದ್ದು ನೈಲಾನ್ ಸೀರೆಗೆ ಹತ್ತಿತು. ಗದ್ದ, ಕುತ್ತಿಗೆ, ಎದೆ, ಎಡಗೈ ಪೂರಾ. ಓಣಿಯವರು ಓಡಿಬಂದು ಕಂಬಳಿ ಮುಚ್ಚಿದರು. ಯಾರೋ ನನ್ನ ಕಂಪಾಸ್ ಪೆಟ್ಟಿಗೆ ಪಕ್ಕದಲ್ಲಿದ್ದ ಶಾಯಿ ಬಾಟಲಿ ತಂದು ಸುರುವಿದರು. ಮತ್ತೊಬ್ಬರು ದೋಸೆ ಹಿಟ್ಟು. ತಣ್ಣೀರು ಸುರಿಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಬಾವಿ ಹಿತ್ತಿಲಲ್ಲೇ ಇತ್ತು. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದರೆ ಏನಾಗುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯರು ಸುಮಾರು ಎರಡೂವರೆ ಸಾವಿರ ಮಕ್ಕಳ ದಾಖಲೆ ಹಿಡಿದು ನೋಡಿ 2019ರಲ್ಲಿ ಪ್ರಕಟಿಸಿದರು. ಹಾಗೆ ನೀರು ಕಂಡ ಮಕ್ಕಳಲ್ಲಿ ಮುಂದೆ ಚರ್ಮನಾಟಿಯ ಅಗತ್ಯ ಬಿದ್ದದ್ದು ಕಡಿಮೆ. ಸುಟ್ಟು ಮೂರು ತಾಸಿನವರೆಗೂ ಈ ನೀರಿಗೆ ಬೆಲೆ ಇದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ಎಂಟನೇ ಇಯತ್ತೆಯ ಮಕ್ಕಳಿಂದ ಇದೊಂದು ವಾಕ್ಯವನ್ನು ಹತ್ತು ಸಲ ಹೇಳಿಸುತ್ತೇನೆ: ಶಾಯಿ ಬೇಡ, ಟೂತ್‌ಪೇಸ್ಟ್ ಬೇಡ, ಮಂಜುಗಡ್ಡೆ ಬೇಡ, ಇಪ್ಪತ್ತು ನಿಮಿಷ ನಳದ ನೀರು.

ಆಸ್ಪತ್ರೆಯಲ್ಲಿ ಅತ್ತಿ ಮೂರು ತಿಂಗಳು ಇದ್ದಳು. ಸತ್ತ ಚರ್ಮ ಕೊಳೆತು ತಾನೇ ಬಿಡಲಿ ಎಂದು ಕಾಯುವ ಪದ್ಧತಿ ಅಲ್ಲಿ. ದಿನಾ ಡ್ರೆಸ್ಸಿಂಗ್ ಬಿಚ್ಚುವಾಗ ಅವಳು ಕೂಗುತ್ತಿದ್ದದ್ದು ಗೇಟಿನವರೆಗೆ ಕೇಳುತ್ತಿತ್ತು. ಹತ್ತು ವರ್ಷದ ನಾನು ಬುತ್ತಿ ಚೀಲ ಹಿಡಿದು ಗೇಟಿನಲ್ಲೇ ನಿಂತುಬಿಡುತ್ತಿದ್ದೆ. ಒಂದು ದಿನ ವರಾಂಡದಲ್ಲಿ ಡಾಕ್ಟರು ಅಪ್ಪನಿಗೆ ಹೇಳಿದ ಮಾತು ನನಗೆ ಅಕ್ಷರ ಬಿಡದಂತೆ ನೆನಪಿದೆ. 'ಮೂವತ್ತೈದು ಪರ್ಸೆಂಟ್ ಸುಟ್ಟದರೀ. ಮುಚ್ಚಾಕ ಚರ್ಮ ಎಲ್ಲಿಂದ ತರೋದು?'

ಅಪ್ಪ ಅಲ್ಲೇ ಅಂಗಿ ತೋಳು ಮೇಲೇರಿಸಿದ. 'ನಂದು ತಗೊಳ್ರಿ ಸಾಹೇಬ್ರ.'

'ಮಂದಿ ಚರ್ಮ ಹತ್ತೂದಿಲ್ಲ ಯಜಮಾನ್ರ.'

'ಮಂದಿ ಎಲ್ಲಿ ಆದ್ನಿರೀ? ಒಂದ ಹೊಟ್ಟ್ಯಾಗ ಹುಟ್ಟೀವಿ. ಯಾಕ ಹತ್ತೂದಿಲ್ಲ?'

ಡಾಕ್ಟರು ಹೆಗಲು ತಟ್ಟಿ ಮುಂದೆ ಹೋದರು. ಅಪ್ಪ ಆ ಪ್ರಶ್ನೆಯನ್ನು ಕೊನೆತನಕ ಬಿಡಲಿಲ್ಲ. ನಾನು ಬಿ.ಎಸ್ಸಿ. ಓದುವಾಗ ರಜೆಗೆ ಬಂದರೆ, 'ಒಂದ ಹೊಟ್ಟ್ಯಾಗ ಹುಟ್ಟಿದವ್ರದು ಯಾಕ ಹತ್ತೂದಿಲ್ಲವ್ವ?' ಎಂದು ಕೇಳುತ್ತಿದ್ದ. ಅವನಿಗೆ ಉತ್ತರ ಕೊಡಲಿಕ್ಕೇ ನಾನು ಈ ವಿಷಯ ಓದಲು ಶುರು ಮಾಡಿದ್ದು.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅವನು ಕೇಳುವುದಕ್ಕೆ ಸುಮಾರು ಐವತ್ತು ವರ್ಷ ಮೊದಲು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಎರಡನೇ ಮಹಾಯುದ್ಧದ ಕಾಲ. ಸುಟ್ಟ ಸೈನಿಕರೂ ನಾಗರಿಕರೂ ವಾರ್ಡುಗಳಲ್ಲಿ ತುಂಬಿದ್ದರು. ಪ್ಲಾಸ್ಟಿಕ್ ಸರ್ಜನ್ ಥಾಮಸ್ ಗಿಬ್ಸನ್ ಮತ್ತು ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್, ಬೆಂಕಿಯಲ್ಲಿ ಸುಟ್ಟ ಒಬ್ಬ ಹೆಣ್ಣುಮಗಳಿಗೆ ಅವಳ ಒಡಹುಟ್ಟಿದವನ ಚರ್ಮದ ಚಿಕ್ಕ ಚಿಕ್ಕ ತುಣುಕುಗಳನ್ನು ನೆಟ್ಟರು. ಮೊದಲು ಹತ್ತಿದಂತೆ ಕಂಡವು, ಆಮೇಲೆ ಕರಗಿದವು. ಅವನದೇ ಚರ್ಮವನ್ನು ಎರಡನೇ ಸಲ ನೆಟ್ಟಾಗ ಇನ್ನೂ ಬೇಗ ಹೋದವು. ಮೆಡಾವರ್ ಗುರುತಿಸಿದ್ದು ಈ 'ಇನ್ನೂ ಬೇಗ' ಎಂಬುದನ್ನು. ಗಾಯ ಕೆಟ್ಟಿದ್ದರಿಂದ ಚರ್ಮ ಹೋಗಿರಲಿಲ್ಲ. ಹೊರಗಿನದು ಎಂದು ಮೈ ಒಮ್ಮೆ ಗುರುತು ಹಿಡಿದಿತ್ತು, ಎರಡನೇ ಸಲ ಬಂದಾಗ ನೆನಪಿಟ್ಟು ಓಡಿಸಿತ್ತು. ಇದು 1943ರಲ್ಲಿ ಪ್ರಕಟವಾಯಿತು. 1960ರಲ್ಲಿ ಮೆಡಾವರ್‌ಗೆ ನೊಬೆಲ್ ಬಂತು.

ಇದೇ ಯುದ್ಧದಲ್ಲಿ ಸಮುದ್ರದ ಆಚೆ, ಅಮೆರಿಕದ ಪೆನ್ಸಿಲ್ವೇನಿಯಾದ ಸೇನಾ ಆಸ್ಪತ್ರೆಯೊಂದರಲ್ಲಿ, ಜೋಸೆಫ್ ಮರ್ರೆ ಎಂಬ ಎಳೆಯ ಡಾಕ್ಟರು ವಿಮಾನದ ಬೆಂಕಿಯಲ್ಲಿ ಬೆಂದ ಪೈಲಟ್ ಒಬ್ಬನನ್ನು ನೋಡಿಕೊಳ್ಳುತ್ತಿದ್ದರು. ಪೈಲಟ್‌ನ ಸ್ವಂತ ಚರ್ಮ ಸಾಲದೆ, ತೀರಿಕೊಂಡವರ ಚರ್ಮ ಹೊದಿಸಿ ಅವನನ್ನು ಉಳಿಸಿಕೊಂಡರು. ಹೊರಗಿನ ಚರ್ಮ ಇಷ್ಟು ದಿನ ಯಾಕೆ ನಿಂತಿತು, ಕೊನೆಗೆ ಯಾಕೆ ಹೋಯಿತು ಎಂಬ ಪ್ರಶ್ನೆ ಮರ್ರೆಯವರನ್ನು ಬಿಡಲಿಲ್ಲ. 1954ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ, ಒಂದೇ ಅಚ್ಚಿನ ಅವಳಿಗಳ ನಡುವೆ, ಯಶಸ್ವಿಯಾದ ಮೊದಲ ಕಿಡ್ನಿ ಕಸಿ ಮಾಡಿದ್ದು ಅವರೇ. ಅವರು ಪ್ಲಾಸ್ಟಿಕ್ ಸರ್ಜನ್. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಮೂಗು ತಿದ್ದುವುದು ಎಂದು ನಗುವವರಿಗೆ ನಾನು ಇದನ್ನೇ ಹೇಳುವುದು. ಕಿಡ್ನಿ ಕಸಿಯ ಬೇರು ಹುಡುಕುತ್ತ ಹೋದರೆ ಸಿಗುವುದು ಸುಟ್ಟವರ ವಾರ್ಡು.

(ಆ ಹೆಸರೂ ಜನರನ್ನು ದಾರಿ ತಪ್ಪಿಸುತ್ತದೆ. ಅತ್ತಿಗೆ ಆಪರೇಶನ್ ಆದಾಗ, 'ಕುತ್ತಿಗಿಗೆ ಪ್ಲಾಸ್ಟಿಕ್ ಹಾಕ್ಯಾರಂತ' ಎಂದು ಓಣಿಯಲ್ಲೆಲ್ಲ ಸುದ್ದಿ. ಗ್ರೀಕಿನಲ್ಲಿ ಆ ಮಾತಿಗೆ ಮಣ್ಣನ್ನು ತಿದ್ದಿ ರೂಪ ಕೊಡುವುದು ಎಂಬ ಅರ್ಥ. ಕುಂಬಾರನ ಕೆಲಸ. ನಮ್ಮ ಬಕೆಟ್ಟು, ಕೊಡದ ಪ್ಲಾಸ್ಟಿಕ್ ಹುಟ್ಟುವ ಮೊದಲೇ ಸರ್ಜನ್ನರು ಆ ಪದ ಬಳಸುತ್ತಿದ್ದರು.)

ಅತ್ತಿಯ ಗಾಯ ಮಾಯಿತು. ಮಾಯುತ್ತ ಎಳೆಯಿತು. ಗಾಯದ ಅಂಚುಗಳನ್ನು ಹತ್ತಿರ ಎಳೆಯಲೆಂದೇ ಕೆಲವು ಜೀವಕೋಶಗಳಿವೆ, ಸ್ನಾಯುವಿನಂತೆ ಸಂಕುಚಿಸುವ ಗುಣದವು. ಜಿನೀವಾದ ಜೂಲಿಯೋ ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ಇವನ್ನು ವಿವರಿಸಿದರು. ಚಿಕ್ಕ ಗಾಯಕ್ಕೆ ಇವು ಉಪಕಾರಿ. ಕುತ್ತಿಗೆಯಷ್ಟು ದೊಡ್ಡ ಗಾಯವನ್ನು ಚರ್ಮ ಹೊದಿಸದೆ ಬಿಟ್ಟರೆ ಎಳೆದೆಳೆದು ಗದ್ದವನ್ನೇ ಎದೆಗೆ ತಂದು ಹೊಲಿಯುತ್ತವೆ. ಅತ್ತಿಗೆ ಆದದ್ದು ಅದು. ಕೆಳತುಟಿ ಜಗ್ಗಿ ಬಾಯಿ ಮುಚ್ಚುತ್ತಿರಲಿಲ್ಲ. ಹದಿಮೂರು ವರ್ಷ ಅವಳು ನೆಲ ನೋಡಿಕೊಂಡೇ ನಡೆದಳು. ಮನೆಗೆ ಬಂದವರ ಕಾಲು ನೋಡಿ ಯಾರೆಂದು ಗುರುತಿಸುತ್ತಿದ್ದಳು. ಸ್ಟೋವಿನ ಕಥೆಯನ್ನು ಅರ್ಧ ಊರು ನಂಬಲಿಲ್ಲ, ತಾನೇ ಹಚ್ಚಿಕೊಂಡಳೆಂದು ಕೆಲವರು, ಗಂಡನ ಮನೆಯವರು ಎಂದು ಕೆಲವರು. ಆ ಮಾತುಗಳಿಗೆ ತಲೆಯೆತ್ತಿ ಉತ್ತರ ಕೊಡಲು ಅವಳಿಗೆ ನಿಜಕ್ಕೂ ತಲೆ ಎತ್ತಲು ಬರುತ್ತಿರಲಿಲ್ಲ.

ಇದನ್ನು ತಪ್ಪಿಸಬಹುದಿತ್ತು ಎಂದು ತಿಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸ್ಲೊವೇನಿಯಾದ ಮಾರಿಬೋರ್ ಎಂಬ ಊರಿನಲ್ಲಿ ಜೋರಾ ಯಾಂಜೆಕೊವಿಚ್ ಎಂಬ ವೈದ್ಯೆ 1960ರ ದಶಕದಲ್ಲೇ ಕಾಯುವುದನ್ನು ಬಿಟ್ಟಿದ್ದರು. ಸುಟ್ಟ ಕೆಲವೇ ದಿನಗಳಲ್ಲಿ, ಸತ್ತ ಪದರವನ್ನು ಹೆರೆಹೆರೆದು ಕೆಳಗಿನ ಜೀವಂತ ಪದರ ರಕ್ತ ಜಿನುಗುವವರೆಗೆ ತೆಗೆದು, ಅದೇ ಹೊತ್ತಿಗೆ ಹೊಸ ಚರ್ಮ ನೆಡುವುದು. 1970ರಲ್ಲಿ ಅವರು ಬರೆದ ಲೇಖನ ಜಗತ್ತಿನ ಬರ್ನ್ಸ್ ವಾರ್ಡುಗಳನ್ನು ಬದಲಿಸಿತು. ನಂಜು ಇಳಿಯಿತು, ವಾರ್ಡಿನ ವಾಸ ಕಡಿಮೆಯಾಯಿತು, ಬಿಗಿತ ಕಡಿಮೆಯಾಯಿತು. ಈಗ ಹೆರೆಯುವ ಕೆಲಸಕ್ಕೆ ಅನಾನಸ್ ಗಿಡದ ಕಾಂಡದಿಂದ ತೆಗೆದ ಕಿಣ್ವವೂ ಬಂದಿದೆ. ನಾಲ್ಕು ತಾಸು ಹಚ್ಚಿಟ್ಟರೆ ಸತ್ತದ್ದನ್ನಷ್ಟೇ ಕರಗಿಸಿ ಬದುಕಿದ್ದನ್ನು ಬಿಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ತೆಗೆದ ಮೇಲೆ ಮುಚ್ಚಬೇಕಲ್ಲ. ಬೇಗ ತೆಗೆದಷ್ಟೂ ಬೇಗ ಮುಚ್ಚಬೇಕು. ವರಾಂಡದ ಆ ಪ್ರಶ್ನೆ ಮತ್ತೆ ಎದುರಿಗೆ ಬರುತ್ತದೆ: ಚರ್ಮ ಎಲ್ಲಿಂದ ತರೋದು? ಈ ಕ್ಷೇತ್ರದ ಐವತ್ತು ವರ್ಷದ ಸಂಶೋಧನೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ ಎಂದು ನನಗೆ ಅನಿಸುತ್ತದೆ.

ಅಪ್ಪನಿಗೆ ನಾನು ವಿವರಿಸುತ್ತಿದ್ದದ್ದು ಮೆಣಸಿನ ಅಗಿಯ ಲೆಕ್ಕದಲ್ಲಿ. ಚಿಕ್ಕ ಮಡಿಯಲ್ಲಿ ಒಂದು ಹಿಡಿ ಬೀಜ ಚೆಲ್ಲಿ, ಸಸಿ ಕಿತ್ತು, ಎಕರೆಗಟ್ಟಲೆ ನಾಟಿ ಮಾಡುವುದಿಲ್ಲವೇ? 1975ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯನ ಹೊರಚರ್ಮದ ಕೋಶಗಳಿಗೆ ಅಂಥ ಮಡಿ ಮಾಡಿದರು. ಕೋಶಗಳು ಬರಿ ಗಾಜಿನ ಮೇಲೆ ಸರಿಯಾಗಿ ಬೆಳೆಯುತ್ತಿರಲಿಲ್ಲ. ಹೆಚ್ಚದಂತೆ ತಡೆದಿಟ್ಟ ಇಲಿಯ ಕೋಶಗಳ ಹಾಸಿಗೆ ಹಾಸಿದಾಗ ಹಬ್ಬತೊಡಗಿದವು. ಅಂಚೆಚೀಟಿಯಷ್ಟು ಚರ್ಮ ತೆಗೆದುಕೊಂಡು ಮೂರು-ನಾಲ್ಕು ವಾರದಲ್ಲಿ ಹಾಳೆಗಟ್ಟಲೆ ಬೆಳೆಸಬಹುದಾಯಿತು. 1983ರಲ್ಲಿ ವಯೋಮಿಂಗ್ ರಾಜ್ಯದ ಇಬ್ಬರು ಅಣ್ಣತಮ್ಮಂದಿರು, ಐದು ಮತ್ತು ಆರು ವರ್ಷದವರು, ಮೈಯ 95 ಪರ್ಸೆಂಟಿಗೂ ಹೆಚ್ಚು ಸುಟ್ಟು ಬಾಸ್ಟನ್ನಿಗೆ ಬಂದರು. ಅಷ್ಟು ಸುಟ್ಟವರು ಬದುಕುವುದು ಎಂದರೆ ಅಲ್ಲಿಯವರೆಗೆ ಕೇಳದ ಮಾತು. ಅವರ ಕಂಕುಳ ಸಂದಿಯಲ್ಲಿ ಉಳಿದಿದ್ದ ಚೂರು ಚರ್ಮದಿಂದ ಬೆಳೆಸಿದ ಹಾಳೆಗಳು ಸುಮಾರು ಅರ್ಧ ಮೈ ಮುಚ್ಚಿದವು. ಹುಡುಗರಿಬ್ಬರೂ ಬದುಕಿದರು.

ಈ ದಾರಿಯಲ್ಲಿ ಬಹಳ ದೂರ ಹೋದ ಕಥೆ 2015ರದ್ದು. ಸಿರಿಯಾದಿಂದ ಜರ್ಮನಿಗೆ ನಿರಾಶ್ರಿತರಾಗಿ ಬಂದ ಕುಟುಂಬದ ಏಳು ವರ್ಷದ ಹುಡುಗ. ಬೆಂಕಿಯಿಂದ ಸುಟ್ಟದ್ದಲ್ಲ. ಹುಟ್ಟಿನಿಂದ ಒಂದು ಜೀನ್ ಕೆಟ್ಟು, ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸುವ ಪ್ರೋಟೀನು ಸರಿಯಾಗಿ ತಯಾರಾಗದ ರೋಗ. ಮುಟ್ಟಿದರೆ ಸಾಕು ಗುಳ್ಳೆ ಎದ್ದು ಕಿತ್ತುಬರುತ್ತದೆ. ಬೋಖುಮ್ ನಗರದ ಬರ್ನ್ಸ್ ಘಟಕ ಸೇರುವ ಹೊತ್ತಿಗೆ ಮೈಯ ಬಹುಪಾಲು ಚರ್ಮ ಹೋಗಿತ್ತು. ತಂದೆಯ ಚರ್ಮ ನೆಟ್ಟು ನೋಡಿದರು, ಹತ್ತಲಿಲ್ಲ. ಇದನ್ನು ಓದಿ ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಇಟಲಿಯ ಮೋದೆನಾದಲ್ಲಿ ಮಿಕೇಲೆ ದೆ ಲೂಕಾ ಅವರ ತಂಡ ಹುಡುಗನ ತೊಡೆಸಂದಿಯಿಂದ ನಾಲ್ಕು ಚದರ ಸೆಂಟಿಮೀಟರ್ ಚರ್ಮ ತರಿಸಿಕೊಂಡು, ಆ ಕೋಶಗಳಿಗೆ ಸರಿಯಾದ ಜೀನ್ ಸೇರಿಸಿ, ಮುಕ್ಕಾಲು ಚದರ ಮೀಟರಿಗೂ ಹೆಚ್ಚು ಹೊರಚರ್ಮ ಬೆಳೆಸಿ ಕಳಿಸಿತು. ಹುಡುಗನ ಮೈಯ ಸುಮಾರು 80 ಪರ್ಸೆಂಟ್ ಹೊಸತಾಯಿತು. 2017ರಲ್ಲಿ ಇದು ಪ್ರಕಟವಾದಾಗ ಅವನು ಶಾಲೆಗೆ ಹೋಗುತ್ತಿದ್ದ, ಫುಟ್‌ಬಾಲ್ ಆಡುತ್ತಿದ್ದ. ಐದು ವರ್ಷದ ಮೇಲೆ ನೋಡಿದಾಗಲೂ ಚರ್ಮ ಗಟ್ಟಿಯಾಗಿತ್ತು. ಹೊರಚರ್ಮ ತಿಂಗಳಿಗೊಮ್ಮೆ ಹೊಸತಾಗುತ್ತಿರುತ್ತದೆ, ಆದ್ದರಿಂದ ನೆಟ್ಟ ಹಾಳೆಯಲ್ಲಿದ್ದ, ಹೊಸ ಕೋಶಗಳನ್ನು ಹುಟ್ಟಿಸುವ ಕೆಲವೇ ಕೆಲವು ತಾಯಿಕೋಶಗಳು, ಅಂದರೆ ಕಾಂಡಕೋಶಗಳು, ಅಷ್ಟೂ ಮೈಯನ್ನು ಸಾಕುತ್ತಿವೆ ಎಂಬುದು ಅದರಿಂದ ಖಚಿತವಾಯಿತು. ಇಂಥದೇ ಇನ್ನೊಂದು ರೋಗಕ್ಕೆ, ಜೀನ್ ತಿದ್ದಿದ ಚರ್ಮದ ಹಾಳೆಗಳಿಗೆ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹಾಳೆ ಬೆಳೆಯುವವರೆಗೆ ಕಾಯಲಾಗದವರಿಗೆ ಇನ್ನೊಂದು ದಾರಿ, ರೋಗಿಯದೇ ಚರ್ಮದ ಕೋಶಗಳನ್ನು ಸಿಂಪಡಿಸುವುದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಫಿಯೋನಾ ವುಡ್ ಇದನ್ನು ರೂಢಿಗೆ ತಂದರು. 2002ರ ಬಾಲಿ ಬಾಂಬ್ ಸ್ಫೋಟದಲ್ಲಿ ಸುಟ್ಟ 28 ಮಂದಿ ಅವರ ಆಸ್ಪತ್ರೆಗೆ ಬಂದಾಗ ಅದು ಜಗತ್ತಿಗೆ ಗೊತ್ತಾಯಿತು. ಈಗ ಆಪರೇಶನ್ ಥಿಯೇಟರಿನಲ್ಲೇ ಅರ್ಧ ತಾಸಿನಲ್ಲಿ ಕೋಶಗಳನ್ನು ಬಿಡಿಸಿ ಗಾಯದ ಮೇಲೆ ಸಿಂಪಡಿಸುವ ಕಿಟ್ ಇದೆ.

ಇಷ್ಟೆಲ್ಲ ಇದ್ದೂ ಇವೆಲ್ಲ ಹೊರಚರ್ಮ ಮಾತ್ರ. ನಿಜವಾದ ಚರ್ಮದ ಗಟ್ಟಿತನ, ಹಿಗ್ಗು ಇರುವುದು ಒಳಚರ್ಮದಲ್ಲಿ. ಅದು ಹೋದರೆ ತಾನಾಗಿ ಮತ್ತೆ ಬರುವುದಿಲ್ಲ. ದನದ ಸ್ನಾಯುರಜ್ಜುವಿನ ಕೊಲಾಜೆನ್ ಎಂಬ ಪ್ರೋಟೀನಿಗೆ ಶಾರ್ಕ್ ಮೀನಿನ ಮೆಲುಮೂಳೆಯ ಒಂದು ಅಂಶ ಸೇರಿಸಿ, ಜಾಲರಿಯಂಥ ಹಂದರ ಮಾಡಿ, ಅದರೊಳಗೆ ರೋಗಿಯದೇ ಕೋಶಗಳು ರಕ್ತನಾಳಗಳು ಬಳ್ಳಿಯಂತೆ ಹಬ್ಬುವಂತೆ ಮಾಡಿದವರು ಯಾನಸ್ ಮತ್ತು ಬರ್ಕ್, 1981ರಲ್ಲಿ. ಒಬ್ಬರು ಇಂಜಿನಿಯರು, ಒಬ್ಬರು ಸರ್ಜನ್. ಅದರಲ್ಲೂ ಬೆವರಿನ ಗ್ರಂಥಿ ಇಲ್ಲ, ಕೂದಲ ಬುಡ ಇಲ್ಲ. ಬೆವರು ಇಲ್ಲದ್ದು ಏನು ದೊಡ್ಡದು ಎಂದು ಓದುವವರಿಗೆ ಅನಿಸಬಹುದು. ಬ್ಯಾಡಗಿಯ ಏಪ್ರಿಲ್ ತಿಂಗಳಲ್ಲಿ ಎಡಗೈಗೂ ಎದೆಗೂ ಬೆವರು ಬರದೆ, ಹಸಿ ಟವಲು ಹೊದ್ದು, ನೆಲದ ಮೇಲೆ ಕೆನ್ನೆಯೊತ್ತಿ ಮಲಗುವ ಅತ್ತಿಯನ್ನು ನೋಡಿದವರಿಗೆ ಅನಿಸುವುದಿಲ್ಲ. ಅದಕ್ಕೇ 2020ರಲ್ಲಿ ಅಮೆರಿಕದ ಕಾರ್ಲ್ ಕೋಲರ್ ಅವರ ತಂಡ ಕಾಂಡಕೋಶಗಳಿಂದ ಕೂದಲು ಮೊಳೆಯುವ ಚರ್ಮದ ಉಂಡೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಸುದ್ದಿ ಓದಿ ನಾನು ಅವತ್ತು ಕ್ಲಾಸಿನಲ್ಲಿ ಪಾಠ ಬಿಟ್ಟು ಅದನ್ನೇ ಹೇಳಿದೆ. ಮರುವರ್ಷ ಅಲ್ಲಿಯದೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೈಕಲ್ ಲಾಂಗೇಕರ್ ಬಳಗದ ಕೆಲಸ ಬಂತು. ಗಾಯ ಮಾಯುವಾಗ ಎಳೆತ ಬಿದ್ದ ಕೂಡಲೇ ಕಲೆ ಕಟ್ಟುವಂತೆ ಕೋಶಗಳಿಗೆ ಸೂಚನೆ ಕೊಡುವ ದಾರಿಯೊಂದಿದೆ. ಕಣ್ಣಿನ ಕಾಯಿಲೆಗೆ ಮೊದಲೇ ಬಳಕೆಯಲ್ಲಿದ್ದ ವರ್ಟಿಪೋರ್ಫಿನ್ ಎಂಬ ಔಷಧಿಯಿಂದ ಆ ದಾರಿ ಮುಚ್ಚಿದಾಗ, ಇಲಿಗಳ ಗಾಯ ಕಲೆಯಿಲ್ಲದೆ, ಕೂದಲು ಸಮೇತ ಮಾಯಿತು. ಇಲಿಯ ಚರ್ಮ ಬೇರೆ, ನಮ್ಮದು ಬೇರೆ ಎಂಬುದು ನನಗೆ ಗೊತ್ತು. ಆದರೂ ಕಲೆ ಎಂಬುದು ವಿಧಿಯಲ್ಲ, ನಿಲ್ಲಿಸಬಹುದಾದ ಒಂದು ಕ್ರಿಯೆ ಎಂದು ತೋರಿಸಿಕೊಟ್ಟದ್ದು ಸಣ್ಣದಲ್ಲ.

ಇವುಗಳ ಬೆಲೆ ನೋಡಿದರೆ ಎದೆ ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಇಲ್ಲವೇ ತೀವ್ರ ಸುಟ್ಟಗಾಯಕ್ಕೆ ಈಡಾಗುತ್ತಾರೆ, ಹೆಚ್ಚಿನವರು ಅಡಿಗೆಮನೆಯಿಂದ, ಗುಡಿಸಲಿನಿಂದ ಬರುವವರು. ಅವರಿಗಾಗಿ ನಡೆದ ಸಂಶೋಧನೆಯನ್ನು ನಾನು ಜೀನ್ ತಿದ್ದಿದ ಚರ್ಮದಷ್ಟೇ ಗೌರವದಿಂದ ಓದುತ್ತೇನೆ. ಮುಂಬಯಿಯಲ್ಲಿ ಡಾ. ಕೇಸ್ವಾನಿ ಮತ್ತು ಸಂಗಡಿಗರು 1985ರಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಬ್ಯಾಂಡೇಜ್ ಬಗ್ಗೆ ಬರೆದರು. ಅದೇ ನಗರದ ಸಾಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ 2003ರಲ್ಲಿ ಬಾಳೆಎಲೆಯ ಡ್ರೆಸ್ಸಿಂಗನ್ನು ಪರೀಕ್ಷಿಸಿ ಪ್ರಕಟಿಸಿದರು. ಎಲೆಯ ಮೈ ನುಣುಪು, ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ. ಸಿಡುಬು ಬಂದವರನ್ನು ಬಾಳೆಎಲೆಯ ಮೇಲೆ ಮಲಗಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ಹೊಸದಲ್ಲ. ಗೊತ್ತಿದ್ದದ್ದನ್ನು ಸ್ಟೆರಿಲೈಸ್ ಮಾಡಿ, ಬೇರೆ ಡ್ರೆಸ್ಸಿಂಗ್ ಜೊತೆ ಹೋಲಿಸಿ, ಲೆಕ್ಕ ಇಟ್ಟು ತೋರಿಸಿದ್ದು ಹೊಸದು. ಅತ್ತಿಯ ವಾರ್ಡಿನಲ್ಲಿ ಹತ್ತಿಬಟ್ಟೆ ಗಾಯಕ್ಕೆ ಅಂಟಿಕೊಂಡು ಕಿತ್ತುಬರುತ್ತಿದ್ದದ್ದನ್ನು ನೆನೆದರೆ, ಆಸ್ಪತ್ರೆಯ ಹಿಂದೆಯೇ ಬಾಳೆಗಿಡ ಇತ್ತಲ್ಲ ಎಂದು ಸಂಕಟವಾಗುತ್ತದೆ.

ಆಲೂಗಡ್ಡೆ, ಬಾಳೆಎಲೆ ಮೇಲುಮೇಲಿನ ಸುಟ್ಟಗಾಯಕ್ಕೆ ಸಾಕು. ಆಳವಾಗಿ, ಅಗಲವಾಗಿ ಸುಟ್ಟವರಿಗೆ ಈ ಹೊತ್ತು, ಈ ನಾಡಿನಲ್ಲಿ ಕೈಗೆ ಸಿಗುವ ಉತ್ತರ ತೀರಿಕೊಂಡವರ ಚರ್ಮ. 85 ಪರ್ಸೆಂಟ್ ಗ್ಲಿಸರಾಲಿನಲ್ಲಿ, ಫ್ರಿಜ್ಜಿನ ತಂಪಿನಲ್ಲಿ ಐದು ವರ್ಷ ಇಡಬಹುದು. ರಕ್ತದ ಗುಂಪು ಹೊಂದಬೇಕಿಲ್ಲ. ಅದು ಕಾಯಂ ಆಗಿ ಹತ್ತುವುದಿಲ್ಲ, ಮೆಡಾವರ್ ಕಂಡದ್ದು ಇಲ್ಲೂ ನಿಜ. ಆದರೆ ಸುಟ್ಟು ಬಳಲಿದ ಮೈ ಅದನ್ನು ತಳ್ಳುವ ಮುಂಚೆ ಎರಡು-ಮೂರು ವಾರ ಸಿಗುತ್ತದೆ. ಅಷ್ಟು ದಿನ ನೀರು ಸೋರುವುದು ನಿಲ್ಲುತ್ತದೆ, ನಂಜು ಹೊರಗಿರುತ್ತದೆ, ನೋವು ತಗ್ಗುತ್ತದೆ. ಅಷ್ಟರಲ್ಲಿ ಸ್ವಂತ ಚರ್ಮ ತೆಗೆದ ಜಾಗ ಮಾಯ್ದು ಮತ್ತೊಮ್ಮೆ ಕೊಡಲು ತಯಾರಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಸ್ಕಿನ್ ಬ್ಯಾಂಕ್ ಶುರುವಾಯಿತು. ಆ ಸುದ್ದಿಯ ಕಟಿಂಗ್ ಅಪ್ಪನ ಪಂಚಾಂಗದೊಳಗೆ ಇತ್ತು. 'ಬದುಕಿದಾಗ ಒಲ್ಲೆ ಅಂದ್ರು, ಸತ್ತಾಗರ ತಗೋತಾರಂತ' ಎಂದು ನನ್ನ ಕೈಯಲ್ಲಿ ಫಾರ್ಮ್ ತುಂಬಿಸಿದ್ದ.

ಅತ್ತಿಗೆ 2004ರಲ್ಲಿ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಕುತ್ತಿಗೆಯ ಬಿಗಿತ ಕತ್ತರಿಸಿ ಬಿಡಿಸಿ, ಅವಳ ತೊಡೆಯ ಚರ್ಮ ತೆಗೆದು ನೆಟ್ಟರು. ಆರು ತಿಂಗಳು ಹಗಲೂ ರಾತ್ರಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದಳು. ಮನೆಗೆ ಬಂದ ದಿನ ಪಡಸಾಲೆಯಲ್ಲಿ ನಿಂತು ತೊಲೆ ನೋಡಿದಳು. 'ಜ್ಯಾಡ ಕಟ್ಟೇತಿ, ಯಾರೂ ಹೊಡದಿಲ್ಲ' ಅಂದಳು. ಹದಿಮೂರು ವರ್ಷದ ಜೇಡ.

ಅಪ್ಪನ ದಿನಕರ್ಮ ಮುಗಿದ ರಾತ್ರಿ ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕೂತಿದ್ದಾಗ ಅತ್ತಿ ಕೇಳಿದಳು, 'ಅಣ್ಣಂದು ಯಾರಿಗೆ ಹಾಕಿದ್ರಂತ?'

'ಅದನ್ನ ಹೇಳೂದಿಲ್ಲತ್ತಿ.'

'ಹೆಣ್ಮಗಳಿಗೇ ಹಾಕಿರತಾರ' ಎಂದು ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ಬೆನ್ನು ಮಾಡಿ, ಸೆರಗು ಸರಿಸಿದಳು. ಬೆಂಕಿ ಮುಟ್ಟದ, ಕತ್ತಿ ಮುಟ್ಟದ ಬೆನ್ನು.

'ತೊಡೀದು ನನಗ ತಗೊಂಡಾರ. ಇದು ಪೂರಾ ಐತಿ ನೋಡು. ಫಾರ್ಮ್ ತಂದ್ರ ಇದನ್ನ ಬರಿ.'